ಸೂಜಿಯ ಜಾಗಕ್ಕೆ ಉಪ್ಪಿನ ಶಾಖ

ಐದಕ್ಕೆ ಎದ್ದೆ. ಕಾವೇರಿ ನೀರು ಬರುವ ದಿನ. ಸಂಪಿನ ಮುಚ್ಚಳ ಸರಿಸಿ ಬಂತೇ ಎಂದು ನೋಡಿದೆ. ಹಾಲು ಕಾಯಿಸಿದೆ. ಅತ್ತೆಗೆ ಕಾಫಿ, ಇವರಿಗೆ ಟೀ. ಉಪ್ಪಿಟ್ಟಿಗೆ ರವೆ ಹುರಿದೆ. ಈರುಳ್ಳಿ ಹೆಚ್ಚಲು ಆಗಲಿಲ್ಲ, ಮಗಳು ಹೆಚ್ಚಿಕೊಟ್ಟಳು. ಕುಕ್ಕರಿನ ಮುಚ್ಚಳ ತೆಗೆಯಲು ಇವರನ್ನು ಕೂಗಿದೆ. ಎರಡು ಡಬ್ಬಿ ಕಟ್ಟಿದೆ. ಬಟ್ಟೆ ನೆನೆಸಿದೆ, ಒಗೆದು ಹಿಂಡುವುದನ್ನು ಸಂಜೆಗೆ ಬಿಟ್ಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ‘ಗ್ಯಾಸ್ ಹೊಸದು’ ಎಂದು ಬರೆದೆ. ಆಸ್ಪತ್ರೆಯ ಪುಸ್ತಕವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಲದ ತಳಕ್ಕಿಟ್ಟೆ. ಎಂಟೂಕಾಲಿನ ಬಸ್ಸಿಗೆ ನಿಂತೆ, ಎಂಟೂಮುಕ್ಕಾಲಿಗೆ ಬಂತು.

ವಿಜಯನಗರದಲ್ಲಿ ಮೆಟ್ರೊ ಇನ್ನೂ ಬಾಯಿಮಾತಾಗಿದ್ದ ಕಾಲ ಅದು. ನಮ್ಮ ಮನೆ ಹೊಸಹಳ್ಳಿಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿತ್ತು. ಮನೆಯಲ್ಲಿ ನಾವು ನಾಲ್ವರು. ಇವರಿಗೆ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಮಗಳು ಪಿಯುಸಿ. ಅತ್ತೆಗೆ ಎಪ್ಪತ್ತು ದಾಟಿತ್ತು. ನನಗೆ ನಲವತ್ತೆರಡು, ಆದರೆ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅತ್ತೆಯೇ ನನಗಿಂತ ಮುಂದೆ ಇಳಿದಿರುತ್ತಿದ್ದರು.

ನನ್ನ ಬೆರಳುಗಳು ಮೂರು ವರ್ಷದಿಂದ ಊದಿಕೊಂಡಿದ್ದವು. ಕೀಲುವಾತ ಎಂದರು. ಬೆಳಿಗ್ಗೆ ಎದ್ದ ಮೇಲೆ ಮುಷ್ಟಿ ಕಟ್ಟಲು ಎರಡು ಗಂಟೆ ಬೇಕಾಗುತ್ತಿತ್ತು. ಬಸ್ಸಿನ ಕಂಬಿ ಹಿಡಿಯಲಾಗದೆ ಮೊಣಕೈಯನ್ನು ಅದಕ್ಕೆ ಸುತ್ತಿ ನಿಲ್ಲುತ್ತಿದ್ದೆ; ಕಂಡಕ್ಟರ್ ಚಿಲ್ಲರೆ ಕೊಟ್ಟರೆ ಸೆರಗಿನಲ್ಲಿ ಹಾಕಿಸಿಕೊಳ್ಳುತ್ತಿದ್ದೆ. ನಮ್ಮದು ಮುದ್ದೆ ಉಣ್ಣುವ ಮನೆ. ಹಿಟ್ಟು ತಿರುವುವ ಕೋಲು ಹಿಡಿಯಲು ನನ್ನಿಂದ ಆಗದು, ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ ಅತ್ತೆಯಿಂದಲೂ ಆಗದು, ಮಗಳಿಗೆ ಬಾರದು. ಹಾಗಾಗಿ ಮನೆಯಲ್ಲಿ ಮುದ್ದೆ ನಿಂತುಹೋಗಿತ್ತು. ಇವರು ಒಮ್ಮೊಮ್ಮೆ ಮಧ್ಯಾಹ್ನ ಎಲ್ಲೋ ಹೋಟೆಲಿನಲ್ಲಿ ಮುದ್ದೆ ತಿಂದು, ಸಂಜೆ ಮನೆಗೆ ಬಂದು ಏನೂ ಹೇಳದೆ ಕೈ ತೊಳೆಯುತ್ತಿದ್ದರು. ಅತ್ತೆ ಮಾತ್ರ ಹೇಳುತ್ತಿದ್ದರು. “ನಮ್ಮ ಕಾಲದಲ್ಲಿ ಕೈನೋವು ಅಂತ ಯಾರೂ ಕೂತ್ಕೊಂಡವರಿಲ್ಲ. ಅನ್ನ ತಿಂದೂ ತಿಂದೂ ನಂಗೆ ಹೊಟ್ಟೆಯಲ್ಲಿ ಏನೂ ಇಲ್ಲ ಅನ್ನಿಸ್ತದೆ.”

ಮಾತ್ರೆಗಳು ಒಂದೊಂದಾಗಿ ಕೈಬಿಟ್ಟವು. ಒಂದು ಒಗ್ಗಲಿಲ್ಲ, ಒಂದು ಲಿವರಿಗೆ ತೊಂದರೆ ಮಾಡಿತು. ಕೊನೆಗೆ ದೊಡ್ಡಾಸ್ಪತ್ರೆಯೊಂದರಲ್ಲಿ ಹೊಸ ಸೂಜಿಮದ್ದನ್ನು ರೋಗಿಗಳಿಗೆ ಪುಕ್ಕಟೆ ಕೊಟ್ಟು ನೋಡುವ ಸ್ಟಡಿ ನಡೆಯುತ್ತಿದೆಯೆಂದು ಗೊತ್ತಾಗಿ ಹೋದೆ; ಹತ್ತು ಪರೀಕ್ಷೆ ಮಾಡಿ ಸೇರಿಸಿಕೊಂಡರು. ವಾರಕ್ಕೊಂದು ಸೂಜಿ, ಹೊಟ್ಟೆಯ ಚರ್ಮದ ಕೆಳಗೆ. ಹೊರಗೆ ಕೊಂಡು ಹಾಕಿಸಿಕೊಳ್ಳುವ ಮಾತೇ ನಮ್ಮಂಥವರ ಮನೆಯಲ್ಲಿ ಇರಲಿಲ್ಲ. ಇದು ತಪ್ಪಿದರೆ ಮುಂದೆ ಏನೂ ಉಳಿದಿರಲಿಲ್ಲ.

ಸೇರಿದ ದಿನ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದ್ದರು. ಚಿಕ್ಕ ವಯಸ್ಸಿನವರು, ಕಣ್ಣ ಕೆಳಗೆ ಯಾವಾಗಲೂ ನಿದ್ದೆಗೆಟ್ಟ ಕಪ್ಪು. “ನಿಮ್ಮ ಕೀಲುಗಳಲ್ಲಿ ಊತ ಎಬ್ಬಿಸೋದು ಒಂದು ಪ್ರೋಟೀನ್, ಆಂಟಿ. ಅದನ್ನ ಹಿಡಿದು ತಡೆಯೋದು ಈ ಇನ್ನೊಂದು ಪ್ರೋಟೀನ್.”

“ಮಾತ್ರೆ ಇಲ್ವಾ ಮೇಡಂ ಇದರಲ್ಲಿ?”

“ನುಂಗಿದ್ರೆ ಹೊಟ್ಟೆ ಅದನ್ನ ಬೇಳೆ ಅರಗಿಸಿದ ಹಾಗೆ ಅರಗಿಸಿಬಿಡುತ್ತೆ. ಅದಕ್ಕೇ ಸೂಜಿ.”

ಚುಚ್ಚಿದ ಕೂಡಲೇ ಅದು ರಕ್ತಕ್ಕೆ ಹೋಗುವುದಿಲ್ಲವಂತೆ. ಕಾಳು ದೊಡ್ಡದು, ರಕ್ತನಾಳದ ಗೋಡೆ ತೂರಲಾರದು. ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕೂತು, ಅಲ್ಲಿ ಜಿನುಗುವ ತಿಳಿನೀರಿನ ಜೊತೆ ಸಣ್ಣ ಸಣ್ಣ ಕಾಲುವೆ ಹಿಡಿದು, ಗಂಟು ಗಂಟಾದ ಗ್ರಂಥಿಗಳನ್ನು ದಾಟಿ, ಎರಡು ದಿನ ತೆಗೆದುಕೊಂಡು ರಕ್ತ ಸೇರುತ್ತದೆ. ಆಮೇಲೆ ರಕ್ತದಲ್ಲಿ ಸುತ್ತುತ್ತ ಊದಿದ ಕೀಲುಗಳಿಗೂ ಇಳಿಯುತ್ತದೆ. ನಾಲ್ಕು ದಿನಕ್ಕೆ ಅರ್ಧ ಕರಗುತ್ತದೆ, ಇನ್ನು ನಾಲ್ಕು ದಿನಕ್ಕೆ ಉಳಿದ ಅರ್ಧದಲ್ಲಿ ಅರ್ಧ. ಪೂರ್ತಿ ಬತ್ತುವ ಮೊದಲೇ ಮುಂದಿನ ಸೂಜಿ.

“ಹೊರಗೆ ಎಲ್ಲಿಂದ ಹೋಗುತ್ತೆ? ಮೂತ್ರದಲ್ಲಾ?” ಎಂದು ಕೇಳಿದೆ. ಕಸ ಯಾವ ಬಾಗಿಲಿನಿಂದ ಹೋಗುತ್ತದೆ ಎಂದು ತಿಳಿದುಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

“ಮೂತ್ರಪಿಂಡದ ಜರಡಿಯಲ್ಲಿ ಇಷ್ಟು ದೊಡ್ಡದು ಇಳಿಯಲ್ಲ. ಮೈಯೊಳಗೇ ಚೂರು ಚೂರಾಗಿ, ನೀವು ತಿಂದ ಬೇಳೆ ಕಾಳಿನ ಚೂರಿನ ಜೊತೆ ಸೇರಿಹೋಗುತ್ತೆ. ಮತ್ತೆ ಉಪಯೋಗಕ್ಕೆ ಬರುತ್ತೆ.”

ಹಾಗಾದರೆ ಅದು ಹೋಗುವುದೇ ಇಲ್ಲ, ಉಗುರೋ ಕೂದಲೋ ಆಗಿ ನನ್ನಲ್ಲೇ ಉಳಿಯುತ್ತದೆ. ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸುತ್ತ ನನ್ನ ಸ್ಟಾಪು ಬಿಟ್ಟು ಮುಂದೆ ಇಳಿದಿದ್ದೆ.

ಒಂದು ಪುಸ್ತಕ ಕೊಟ್ಟಿದ್ದರು. ಸೂಜಿಯ ದಿನ, ಗಂಟೆ, ಹೊಟ್ಟೆಯ ಯಾವ ಕಡೆ, ಬೆಳಿಗ್ಗೆ ಬೆರಳು ಎಷ್ಟು ಹೊತ್ತು ಬಿಗಿದಿತ್ತು, ಜ್ವರ, ತೆಗೆದುಕೊಂಡ ಇತರ ಔಷಧಿ. ಇಂಥದ್ದನ್ನು ತುಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಾಲು ಬಾರದ ದಿನ, ಕರೆಂಟು ಹೋದ ಗಂಟೆ, ಅತ್ತೆ ಉಗುರು ತೆಗೆದುಕೊಂಡ ವಾರ ಎಲ್ಲವೂ ನನ್ನ ಕ್ಯಾಲೆಂಡರಿನಲ್ಲಿ ಇರುತ್ತಿತ್ತು. ಆಸ್ಪತ್ರೆಯ ಪುಸ್ತಕದ ಕಾಲಮ್ಮು ಸಾಲದೆ ಅಂಚಿನಲ್ಲೂ ಬರೆದೆ: ‘ಮೂರನೆಯ ದಿನ, ಮಗಳ ಜಡೆ ಹೆಣೆದೆ.’ ‘ಐದನೆಯ ದಿನ, ನಲ್ಲಿ ತಿರುಗಿಸಲು ಬಟ್ಟೆ ಬೇಕಾಯಿತು.’ ‘ಆರನೆಯ ದಿನ, ಕುಕ್ಕರ್ ಇವರು ತೆಗೆದರು.’ ಪ್ರತಿ ವಾರ ಹೀಗೇ. ಸೂಜಿಯಾದ ಮೊದಲ ಮೂರು ದಿನ ಕೈ ನನ್ನದು. ಆಮೇಲೆ ದಿನಕ್ಕಿಷ್ಟು ವಾಪಸ್ಸು ಹೋಗುತ್ತಿತ್ತು. ಏಳನೆಯ ದಿನ ಸೀರೆ ನೆರಿಗೆ ಹಿಡಿಯಲು ಮಗಳನ್ನು ಕರೆಯುತ್ತಿದ್ದೆ.

ಮೊದಲ ಸೂಜಿ ಹಾಕಿಸಿಕೊಂಡು ಬಂದ ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದೆ. ಅಡುಗೆಮನೆಯಲ್ಲಿ ಬಾಣಲೆಯಲ್ಲಿ ಏನೋ ಚಟಪಟ ಸಿಡಿಯುವ ಸದ್ದು. ಹೊಗೆಯ ವಾಸನೆ ಇಲ್ಲ, ಒಗ್ಗರಣೆಯೂ ಅಲ್ಲ. ಅತ್ತೆ ಹಳೇ ಪಂಚೆಯ ತುಂಡಿನಲ್ಲಿ ಹುರಿದ ಕಲ್ಲುಪ್ಪು ಕಟ್ಟಿಕೊಂಡು ಬಂದು ನನ್ನ ಪಕ್ಕದಲ್ಲಿ ಕಷ್ಟಪಟ್ಟು ಕೂತರು.

“ಸೆರಗು ಸರಿಸು.”

“ಯಾಕತ್ತೆ?”

“ಯಾಕೆ ಅಂದ್ರೆ? ಸೂಜಿ ಚುಚ್ಚಿದ ಜಾಗ ಶಾಖ ಕೊಡ್ದೆ ಬಿಟ್ರೆ ಗಂಟು ಕಟ್ಟುತ್ತೆ ಕಣೇ. ಅಷ್ಟು ಓದಿದ ನಿಮ್ಮ ಡಾಕ್ಟರಮ್ಮಂಗೆ ಇದೂ ತಿಳೀದಾ?”

ಗಂಟನ್ನು ಮೊದಲು ತಮ್ಮ ತೋಳಿನ ಒಳಭಾಗಕ್ಕೆ ಒತ್ತಿ ಬಿಸಿ ನೋಡಿಕೊಂಡರು. ಆಮೇಲೆ ನನ್ನ ಹೊಟ್ಟೆಯ ಮೇಲೆ ಇಟ್ಟರು. ಆರಿದ ಮೇಲೆ ಎದ್ದು ಹೋಗಿ ಮತ್ತೆ ಬಿಸಿ ಮಾಡಿ ತಂದರು. ಸಂಜೆಗೊಮ್ಮೆ, ಮಾರನೆಯ ದಿನ ಎರಡು ಹೊತ್ತು. ಮುಂದೆ ಪ್ರತಿ ಸೂಜಿಗೂ ಹೀಗೇ, ಹತ್ತು ವಾರ. ಅವರ ಐದು ಮಕ್ಕಳಿಗೂ ಊರಿನ ಕಾಂಪೌಂಡರ್ ಸೂಜಿ ಚುಚ್ಚಿದಾಗೆಲ್ಲ ಹೀಗೇ ಕೊಟ್ಟಿದ್ದರಂತೆ, ಒಬ್ಬರಿಗೂ ಗಂಟು ಕಟ್ಟಿರಲಿಲ್ಲವಂತೆ. ಕೂತ ಹೊತ್ತಿನಲ್ಲಿ ಅದೂ ಇದೂ ಮಾತಾಡುತ್ತಿದ್ದರು. ಎದುರು ಮನೆಯವರ ಹೊಸ ಗೇಟು, ಲಗ್ಗೆರೆಯಲ್ಲಿರುವ ತಮ್ಮ ತಂಗಿಯ ಸೊಸೆ, ತಾವು ಈ ಮನೆತನಕ್ಕೆ ಬಂದ ವರ್ಷ ಹೊತ್ತ ನೀರು. ನನ್ನ ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಬಾಣಂತನ ನನ್ನ ತವರಿನಲ್ಲಾಗಿತ್ತು. ಆ ಹತ್ತು ವಾರ ಅತ್ತೆ ನನ್ನನ್ನು ಮುಟ್ಟಿದಷ್ಟು ಅದಕ್ಕೆ ಮೊದಲು ಒಟ್ಟಾರೆ ಮುಟ್ಟಿರಲಿಲ್ಲ. ‘ಕೈನೋವು ಅಂತ ಕೂತ್ಕೊಂಡವರಿಲ್ಲ’ ಎನ್ನುವ ಮಾತೂ ಅಲ್ಲಿಗೆ ನಿಂತಿತು. ಸೂಜಿ ಕಣ್ಣಿಗೆ ಕಾಣುವ ವಸ್ತು. ಅದು ಬಂದ ಮೇಲೆ ನನ್ನ ಕಾಯಿಲೆಯನ್ನು ಅವರು ನಂಬಿದರು ಎಂದು ಕಾಣುತ್ತದೆ.

ಪುಸ್ತಕದಲ್ಲಿ ಇದನ್ನು ಬರೆಯಲಿಲ್ಲ. ಕೇಳಿದ್ದು ಔಷಧಿ, ಉಪ್ಪು ಔಷಧಿಯಲ್ಲ. ಸೂಜಿ ಹಾಕುತ್ತಿದ್ದ ಸಿಸ್ಟರ್ ವಿಜಾಪುರದ ಕಡೆಯವಳು, ಪ್ರತಿ ಸಲ “ತಿಕ್ಕಬ್ಯಾಡ್ರಿ ಅಕ್ಕಾರ ಮತ್ತ” ಎನ್ನುತ್ತಿದ್ದಳು. ನಾನು ತಿಕ್ಕಲಿಲ್ಲ. “ಬ್ಯಾರೆ ಏನರ ಹಚ್ಚೀರೇನ್ರಿ?” ಎಂದು ಕೇಳಿದರೆ “ಇಲ್ಲಮ್ಮ” ಎನ್ನುತ್ತಿದ್ದೆ. ಹಚ್ಚಿರಲಿಲ್ಲವಲ್ಲ. ನಿಜ ಹೇಳಬೇಕೆಂದರೆ ನಗುತ್ತಾರೆ ಎನ್ನುವ ಸಂಕೋಚವೂ ಇತ್ತು.

ಹತ್ತನೆಯ ಸೂಜಿಯ ವಾರ, ಮದ್ದು ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಲು ಐದು ಸಲ ರಕ್ತ ತೆಗೆದಿದ್ದರು. ಐದು ಸಲ ಬಸ್ಸು ಹತ್ತಿ ಇಳಿದಿದ್ದೆ. ಅದರ ಫಲಿತಾಂಶ ಬಂದಿದೆ ಎಂದು ಫೋನು ಮಾಡಿ ಕರೆಸಿದ್ದು ನಾನು ಮೊದಲು ಹೇಳಿದ ಆ ಗ್ಯಾಸ್ ಬದಲಾಯಿಸಿದ ದಿನ.

ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಅಲ್ಲಿ ಒಂದಿಷ್ಟು ಗೆರೆಗಳು, ಮಿಕ್ಕ ರೋಗಿಗಳವು. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತಿದ್ದವು. ಒಂದು ಗೆರೆ ಮಾತ್ರ ಮೊದಲ ದಿನವೇ ಎಲ್ಲಕ್ಕಿಂತ ಮೇಲೆ ನೆಗೆದು, ಐದನೆಯ ದಿನದ ಹೊತ್ತಿಗೆ ಎಲ್ಲಕ್ಕಿಂತ ಕೆಳಗೆ ಬಂದಿತ್ತು.

“ಇದು ನಿಮ್ಮದು ಆಂಟಿ. ಏಳನೇ ದಿನಕ್ಕೆ ಹೆಚ್ಚುಕಮ್ಮಿ ಖಾಲಿ. ಕೆಲವರ ಮೈ ಈ ಪ್ರೋಟೀನನ್ನ ಹೊರಗಿನದು ಅಂತ ಗುರುತು ಹಿಡಿದು ಬೇಗ ಒಡೆದು ಹಾಕುತ್ತೆ. ಹಾಗಾಗಿದ್ರೆ ಮುಂದುವರಿಸಿ ಪ್ರಯೋಜನ ಇಲ್ಲ. ನಿಲ್ಲಿಸಬೇಕಾಗುತ್ತೆ.”

ನನ್ನ ಕೈಗಳು ಚೀಲದ ಮೇಲಿದ್ದವು. ಅವನ್ನೇ ನೋಡುತ್ತ ಕೂತೆ.

“ಆದ್ರೆ ಮೊದಲನೇ ದಿನ ಇಷ್ಟು ಮೇಲೆ ಹೋಗಿದ್ದು ಯಾಕೆ ಅಂತ ಅರ್ಥ ಆಗ್ತಿಲ್ಲ. ಒಡೆದು ಹಾಕೋ ಮೈಯಾದ್ರೆ ಮೊದಲಿಂದ್ಲೇ ಕಮ್ಮಿ ಇರಬೇಕಿತ್ತು.” ಸಿಸ್ಟರ್ ಕಡೆ ತಿರುಗಿದರು. “ಸೂಜಿ ಆಳಕ್ಕೆ ಹೋಗಿ ಮಾಂಸಕ್ಕೆ ತಗುಲಿತ್ತಾ ನೋಡಿ. ಹಾಗಾದ್ರೂ ಬೇಗ ಏರುತ್ತೆ.”

“ಇಲ್ರೀ ಮೇಡಂ. ಚರ್ಮ ಚಿವುಟಿ ಹಿಡಿದಽ ಹಾಕೀನ್ರಿ.”

“ಎಲ್ಲಾ ಸಲಾನೂ?”

“ಎಲ್ಲಾ ಸಲನೂ ರೀ.” ಅವಳ ಮುಖ ಸಣ್ಣದಾಯಿತು.

ಹೊರಗೆ ಬಂದು ಲಿಫ್ಟಿನ ಮುಂದಿನ ಬೆಂಚಿನಲ್ಲಿ ಕೂತೆ. ಮೊದಲ ದಿನ ನೆಗೆದ ಗೆರೆ ಕಣ್ಣ ಮುಂದೆಯೇ ಇತ್ತು. ಮೊದಲ ದಿನ ಮಧ್ಯಾಹ್ನ, ಸಂಜೆ, ಎರಡನೆಯ ದಿನ ಬೆಳಿಗ್ಗೆ, ಸಂಜೆ. ನಾಲ್ಕು ಸಲ ಉಪ್ಪಿನ ಗಂಟು. ಬೆಣ್ಣೆಯ ಮೇಲೆ ಬಿಸಿ ಸೌಟು ಇಟ್ಟ ಹಾಗೆ. ತೆರೆದ ಬಾಗಿಲಿನಲ್ಲಿ ಆ ಸಿಸ್ಟರ್ ಹುಡುಗಿ ಟ್ರೇ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ನನಗೆ ಸುಸ್ತಾಗಿತ್ತು. ಸುಮ್ಮನೆ ಮನೆಗೆ ಹೋಗಿಬಿಡೋಣ ಎನ್ನಿಸಿದ್ದು ಸುಳ್ಳಲ್ಲ. ಲಿಫ್ಟು ಎರಡು ಸಲ ಬಂದು ಹೋಯಿತು. ಮೂರನೆಯದಕ್ಕೆ ಮೊದಲು ಎದ್ದು ಒಳಗೆ ಹೋದೆ.

“ಮೇಡಂ, ಸಿಸ್ಟರ್ ತಪ್ಪಿಲ್ಲ. ನಮ್ಮತ್ತೆ ಶಾಖ ಕೊಡ್ತಾರೆ.”

“ಏನು ಕೊಡ್ತಾರೆ?”

“ಉಪ್ಪು ಹುರಿದು ಬಟ್ಟೇಲಿ ಕಟ್ಟಿ, ಸೂಜಿ ಹಾಕಿದ ಜಾಗಕ್ಕೆ. ನಾಲ್ಕು ಸಲ.”

“ಹತ್ತು ವಾರಾನೂ?”

“ಹತ್ತು ವಾರಾನೂ.”

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಆಂಟಿ, ಕುಕ್ಕರ್ ತೆಗೆದಿದ್ದು ಬರ್ದಿದೀರ, ಜಡೆ ಹಾಕಿದ್ದು ಬರ್ದಿದೀರ. ಇದನ್ನ ಬರೀಬಹುದಿತ್ತಲ್ಲ?”

“ಔಷಧಿ ಅಂತ ಕೇಳಿತ್ತು ಮೇಡಂ. ಇದು ಔಷಧಿ ಅನ್ನಿಸಲಿಲ್ಲ.”

ಸಿಸ್ಟರ್ ಮೊದಲು ನಕ್ಕಳು. “ಅಯ್ಯ ಅಕ್ಕಾರ, ನಮ್ಮವ್ವನೂ ಹಿಂಗಽ ರೀ. ನಾ ನರ್ಸ್ ಆದ್ರೂ ನನಗಽ ಕೊಡ್ತಾಳ.” ಡಾಕ್ಟರಮ್ಮನಿಗೂ ನಗು ಬಂತು, ಆದರೆ ಅವರು ನಗುತ್ತಲೇ ಬರೆದುಕೊಂಡರು. ಬಿಸಿ ತಗುಲಿದರೆ ಅಲ್ಲಿ ಹರಿವು ಹೆಚ್ಚಿ ಎರಡು ದಿನದಲ್ಲಿ ಸೇರಬೇಕಾದದ್ದು ಬೇಗ ಸೇರಬಹುದು, ಬೇಗ ಸೇರಿದ್ದು ಬೇಗ ಮುಗಿಯಬಹುದು, ಖಚಿತವಾಗಿ ಹೇಳಲಾರೆ ಎಂದರು. ಇನ್ನು ನಾಲ್ಕು ಸೂಜಿ ಶಾಖವಿಲ್ಲದೆ. ನಾಲ್ಕನೆಯದರ ವಾರ ಮತ್ತೆ ಐದು ಸಲ ರಕ್ತ. ಆಗಲೂ ಹೀಗೇ ಇಳಿದರೆ ನಿಲ್ಲಿಸುವುದು.

ಸಂಜೆ ಇವರು ಬಂದ ಮೇಲೆ ಮಹಡಿಯ ಮೇಲೆ ಬಟ್ಟೆ ಹಿಂಡಿಸುತ್ತ ಹೇಳಿದೆ. ಇವರು ಒಂದು ಬೆಡ್‌ಶೀಟು ಹಿಂಡಿ ಮುಗಿಯುವ ತನಕ ಯೋಚಿಸಿದರು.

“ಅಮ್ಮಂಗೆ ಹೇಳ್ಬೇಡ. ಆಸ್ಪತ್ರೇಲೇ ಶಾಖ ಕೊಟ್ರು ಅಂದ್ಬಿಡು.”

“ನಾಲ್ಕು ವಾರ ಸುಳ್ಳು ಹೇಳೋದಾ?”

“ಹೇಳಿದ್ರೆ ನಾಲ್ಕು ವಾರ ಮಾತು ನಿಲ್ಲುತ್ತೆ. ಯಾವುದು ಮೇಲು ನೋಡ್ಕೊ.”

ಅತ್ತೆ ಬಾಗಿಲ ಬಳಿ ಹುರಳೀಕಾಯಿ ಬಿಡಿಸುತ್ತ ಕೂತಿದ್ದರು. ಪಕ್ಕದಲ್ಲಿ ಕೂತು ನನಗೆ ತಿಳಿದ ಹಾಗೆ ಹೇಳಿದೆ. ಮಹಡಿಯ ಡ್ರಮ್ಮಿನ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡರೆ ಮುಂದಿನ ನೀರು ಬರುವ ತನಕ ಸಾಕಾಗುತ್ತದೆ; ಪೂರ್ತಿ ಬಿಟ್ಟರೆ ಬೆಳಿಗ್ಗೆಯೇ ಮುಗಿದು ಸಂಜೆ ಕೈಕಾಲಿಗೂ ಇರುವುದಿಲ್ಲ; ಶಾಖದಿಂದ ನಲ್ಲಿ ಪೂರ್ತಿ ತಿರುಗಿದ ಹಾಗಾಗಿರಬಹುದು.

“ಮೈ ಅಂದ್ರೆ ಡ್ರಮ್ಮೇನೇ?” ಎಂದರು.

“ಹೋಲಿಕೆಗೆ ಹೇಳಿದೆ ಅತ್ತೆ.”

“ಹಂಗಾದ್ರೆ ನಿನ್ನ ಔಷಧಿ ಕೆಡಿಸ್ದೋಳು ನಾನು ಅನ್ನು.”

“ಹಾಗಂದ್ನಾ ನಾನು? ಬರೀದೆ ಇದ್ದಿದ್ದು ನನ್ನ ತಪ್ಪು.”

“ಅಲ್ಲಿ ಎಲ್ಲಾರ ಮುಂದೆ ಹೇಳಿ ಬಂದ್ಯಲ್ಲ, ನಮ್ಮತ್ತೆ ಹಿಂಗೆ ಮಾಡ್ತಾಳೆ ಅಂತ.” ಹುರಳೀಕಾಯಿಯ ಮೊರವನ್ನು ನನ್ನ ಕಡೆ ತಳ್ಳಿ ಒಳಗೆ ಹೋದರು.

ಇವರು ಹೇಳಿದ್ದು ನಿಜವಾಯಿತು. ಮಾತು ಪೂರ್ತಿ ನಿಲ್ಲಲಿಲ್ಲ, ಆದರೆ ನನಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಿದ್ದರು. “ನಿಮ್ಮಮ್ಮಂಗೆ ಹೇಳು, ಹಾಲು ಉಕ್ತಾ ಇದೆ.” ನಾನು ಎರಡಡಿ ದೂರದಲ್ಲಿ ನಿಂತಿರುತ್ತಿದ್ದೆ. “ಅಮ್ಮ, ಹಾಲು ಉಕ್ತಾ ಇದೆಯಂತೆ” ಎಂದು ಮಗಳು ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಿದ್ದಳು. “ಅಜ್ಜಿ, ಅಮ್ಮ ಆಫ್ ಮಾಡಿದ್ಳಂತೆ.” ಹೀಗೆ ಎರಡು ವಾರ.

ಶಾಖವಿಲ್ಲದ ಮೊದಲ ಸೂಜಿಯ ಮಧ್ಯಾಹ್ನ ಚಾಪೆ ಹಾಸಿ ಮಲಗಿದೆ. ಅಡುಗೆಮನೆ ಸುಮ್ಮನಿತ್ತು. ಹೊಟ್ಟೆಯೊಳಗೆ ಆ ಮದ್ದು ಅಂಗುಲ ಅಂಗುಲವಾಗಿ ತೆವಳುತ್ತಿರಬಹುದು ಎಂದುಕೊಂಡೆ. ಅವಸರ ಮಾಡಬೇಡ ಎಂದು ಮನಸ್ಸಿನಲ್ಲೇ ಹೇಳಿದೆ. ನಿದ್ದೆ ಬರಲಿಲ್ಲ. ಚುಚ್ಚಿದ ಜಾಗ ಸ್ವಲ್ಪ ಕೆಂಪಾಗಿ ಕಾಸಿನಗಲ ಗಟ್ಟಿಯಾಗಿತ್ತು. ಅತ್ತೆಗೆ ಕಾಣದಂತೆ ಸೆರಗು ಹೊದ್ದುಕೊಂಡೆ. ಎರಡು ದಿನಕ್ಕೆ ತಾನಾಗಿ ಕರಗಿತು. ಪುಸ್ತಕದಲ್ಲಿ ಬರೆದೆ. ಈ ಸಲ ಏನನ್ನೂ ಬಿಡಲಿಲ್ಲ. ಬಿಸಿನೀರಿನ ಸ್ನಾನ, ಬಿಸಿಲಿನಲ್ಲಿ ಬಸ್ಸಿಗೆ ಕಾದದ್ದು, ಗ್ಯಾಸ್ ಒಲೆಯ ಮುಂದೆ ನಿಂತ ಹೊತ್ತು, ಎಲ್ಲ ಬರೆದೆ. ಸಿಸ್ಟರ್ ಓದಿ, “ಇಷ್ಟ್ಯಾಕ್ರಿ ಅಕ್ಕಾರ, ನಮ್ಮ ಮೇಡಂ ಅಳ್ತಾರ ನೋಡ್ರಿ” ಎಂದಳು.

ಆ ವಾರಗಳಲ್ಲಿ ಕೈ ಹೇಗಿತ್ತು ಎಂದರೆ, ಮೊದಲೆರಡು ದಿನ ಮುಂಚಿನಷ್ಟು ಹಗುರ ಅನ್ನಿಸಲಿಲ್ಲ. ಅದೇ ನನ್ನನ್ನು ಹೆದರಿಸಿತು. ಶಾಖದಿಂದ ಸಿಗುತ್ತಿದ್ದ ಮೂರು ದಿನವೂ ಹೋಯಿತೇನೋ, ಮುಂದೆ ಏನೂ ಸಿಗದೇನೋ ಎಂದು. ಅದನ್ನು ಯಾರಿಗೂ ಹೇಳಲಿಲ್ಲ.

ಮೂರನೆಯ ಸೂಜಿಯ ಮಧ್ಯಾಹ್ನ ಬಾಣಲೆಯ ಸದ್ದು ಕೇಳಿಸಿತು. ಚಟಪಟ. ಎದ್ದು ಕೂತೆ. ಬೇಡವೆಂದು ಎರಡನೆಯ ಸಲ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಅತ್ತೆ ಗಂಟು ಹಿಡಿದು ಬಂದು ಚಾಪೆಯ ಮೇಲೆ ಕೂತರು. ತೋಳಿಗೆ ಒತ್ತಿ ಬಿಸಿ ನೋಡಿದರು. ನಾನು ಸೆರಗನ್ನು ಬಿಗಿಯಾಗಿ ಹಿಡಿದಿದ್ದೆ.

“ಏನ್ ಹಂಗೆ ನೋಡ್ತಿಯ? ನಿನಗಲ್ಲ,” ಎಂದು ಸೀರೆ ಮೇಲಕ್ಕೆ ಸರಿಸಿ ತಮ್ಮ ಮಂಡಿಗೆ ಇಟ್ಟುಕೊಂಡರು. “ನಂಗೂ ಮೈ ಇದೆ. ಯಾರೂ ಸ್ಟಡಿಗೆ ಕರೀಲಿಲ್ಲ ಅಷ್ಟೆ.”

ನಾನು ನಗಬೇಕೋ ಬೇಡವೋ ಎಂದು ನೋಡಿದೆ. ಅವರು ನಗುತ್ತಿರಲಿಲ್ಲ.

“ಗಂಟು ಕಟ್ಟಿತಾ?” ಉಪ್ಪನ್ನು ಇನ್ನೊಂದು ಮಂಡಿಗೆ ಸರಿಸುತ್ತ ಕೇಳಿದರು.

“ಸ್ವಲ್ಪ ಗಟ್ಟಿ ಆಗುತ್ತೆ. ಎರಡು ದಿನಕ್ಕೆ ಹೋಗುತ್ತೆ ಅತ್ತೆ.”

“ತೋರ್ಸು.” ಬಗ್ಗಿ ನೋಡಿದರು, ಮುಟ್ಟಲಿಲ್ಲ. “ಹೂಂ. ಹೋಗ್ಲಿ.”

ಎರಡು ಮಂಡಿಗೂ ಕೊಟ್ಟುಕೊಂಡ ಮೇಲೆ ಗಂಟು ಉಗುರುಬೆಚ್ಚಗಾಗಿತ್ತು. “ಕೈಗಾದ್ರೂ ಹಿಡ್ಕೋಬೋದೋ, ಅದಕ್ಕೂ ಅಪ್ಪಣೆ ಬೇಕೋ?” ಕೈಗೆ ಅಡ್ಡಿಯಿಲ್ಲ, ಸೂಜಿಯ ಜಾಗ ಬಿಟ್ಟು ಎಲ್ಲಿಗಾದರೂ ಆಗಬಹುದು ಎಂದು ಸಿಸ್ಟರ್ ಹೇಳಿದ್ದಳು. ಎರಡು ಕೈಯಲ್ಲೂ ಹಿಡಿದುಕೊಂಡೆ. ಅದನ್ನೂ ಬರೆದೆ: ‘ಮೂರು ಗಂಟೆ, ಉಪ್ಪಿನ ಗಂಟು, ಕೈಗೆ ಮಾತ್ರ, ಇಪ್ಪತ್ತು ನಿಮಿಷ.’

ನಾಲ್ಕನೆಯ ವಾರ ಐದು ಸಲ ರಕ್ತ. ಎರಡು ದಿನ ಮಳೆ, ಒಂದು ದಿನ ಮಾಗಡಿ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತು, ಟೋಲ್‌ಗೇಟಿನ ತನಕ ನಡೆದೆ. ನಾಳ ಸಿಗದೆ ಸಿಸ್ಟರ್ ಎರಡು ಕಡೆ ಚುಚ್ಚಿ “ತಪ್ಪಾತ್ರಿ ಅಕ್ಕಾರ” ಎಂದಳು. ಏಳನೆಯ ದಿನ ಬೆಳಿಗ್ಗೆ ಕೊನೆಯ ಸಲ ರಕ್ತ ಕೊಟ್ಟು, ಮುಂದಿನ ಸೂಜಿ ಹಾಕಿಸಿಕೊಳ್ಳದೆ, ಫಲಿತಾಂಶ ಬರುವ ತನಕ ಕಾಯಬೇಕೆಂದು ಹೇಳಿಸಿಕೊಂಡು ಮನೆಗೆ ಬಂದೆ. ಬಂದವಳು ಚಪ್ಪಲಿ ಬಿಟ್ಟು, ಕುಕ್ಕರಿನ ಮುಚ್ಚಳ ತೆಗೆದು, ಅತ್ತೆಗೆ ಊಟ ಬಡಿಸಿದೆ. ಬಡಿಸಿ ಆದ ಮೇಲೆ ನೆನಪಾಯಿತು, ಮುಚ್ಚಳ ನಾನೇ ತೆಗೆದೆ ಎಂದು. ಅತ್ತೆ ನೋಡಿದ್ದರು.

“ಇವತ್ತು ಎಷ್ಟನೇ ದಿನ?”

“ಏಳು.”

ಅವರು ಅನ್ನಕ್ಕೆ ಸಾರು ಕಲಸಿಕೊಂಡು ಉಣ್ಣತೊಡಗಿದರು.

ಫಲಿತಾಂಶಕ್ಕೆ ಎಂಟು ದಿನ ಹಿಡಿಯಿತು. ಆ ಎಂಟು ದಿನದಲ್ಲಿ ಕೈ ಮತ್ತೆ ಬಿಗಿಯುತ್ತ ಬಂತು, ಸೂಜಿ ಇಲ್ಲದ ಮೇಲೆ ಬಿಗಿಯಲೇಬೇಕಲ್ಲ. ಕರೆದ ದಿನ ಇವರೂ ರಜಾ ಹಾಕಿ ಬಂದರು. ಪರದೆಯ ಮೇಲೆ ನನ್ನ ಎರಡು ಗೆರೆಗಳಿದ್ದವು. ಹಳೆಯದು ಮೊದಲ ದಿನ ನೆಗೆದು ಬಿದ್ದದ್ದು. ಹೊಸದು ನಿಧಾನಕ್ಕೆ ಏರಿ, ಎರಡನೆಯ ದಿನ ದಾಟಿ ಮೇಲೆ ನಿಂತು, ನಿಧಾನಕ್ಕೆ ಇಳಿದಿತ್ತು. ಮಿಕ್ಕವರಷ್ಟು ಮೇಲಿರಲಿಲ್ಲ. ಆದರೆ ಏಳನೆಯ ದಿನವೂ ತಳ ಮುಟ್ಟಿರಲಿಲ್ಲ.

“ಉಪ್ಪೇ ಕಾರಣ ಅಂತ ನಾನು ಬರೆಯೋಕಾಗಲ್ಲ ಆಂಟಿ, ನೀವೊಬ್ಬರೇ ಅಲ್ವಾ. ಆದ್ರೆ ನಿಲ್ಲಿಸೋ ಕಾರಣ ಈಗ ಇಲ್ಲ. ಮುಂದುವರಿಸೋಣ.”

“ಎಷ್ಟು ದಿನ ಮೇಡಂ?” ಎಂದು ಇವರು ಕೇಳಿದರು.

“ಸ್ಟಡಿ ಮುಗಿಯೋ ತನಕ, ವಾರ ವಾರ.”

ವಾರ ವಾರ. ಬೇಡಿಕೊಂಡದ್ದು ಅದನ್ನೇ. ಆದರೂ ಅದನ್ನು ಕೇಳಿದ ಕೂಡಲೇ ಮುಂದೆ ಹತ್ತಿ ಇಳಿಯಬೇಕಾದ ಬಸ್ಸುಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಲ್ಲೇ ಸೂಜಿ ಹಾಕಿಸಿಕೊಂಡು, ಸಿಸ್ಟರ್ ಕೊಟ್ಟ ಹೊಸ ಪುಸ್ತಕ ತೆಗೆದುಕೊಂಡು ಬಂದೆವು. ಹೊಸದರಲ್ಲಿ ಒಂದು ಕಾಲಮ್ಮನ್ನು ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿದ್ದಳು: ‘ಮನೆಯಲ್ಲಿ ಮಾಡಿದ್ದು.’

ಅತ್ತೆಗೆ ಇವರೇ ಹೇಳಿದರು. ಅತ್ತೆ ಕೇಳಿಸಿಕೊಂಡು, “ಹಂಗಾದ್ರೆ ಇನ್ನೆರಡು ದಿನಕ್ಕೆ ಕೈ ಬರುತ್ತಲ್ಲ, ರಾಗಿ ಹಿಟ್ಟು ಮಾಡಿಸ್ಕೊಂಡು ಬಾ” ಎಂದು ಮಗನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮಧ್ಯದಲ್ಲಿ ಮಗಳನ್ನು ಇಟ್ಟುಕೊಳ್ಳದೆ, “ಒಂದೇ ಸಲ ನಾಲ್ಕು ಜನಕ್ಕೆ ಬೇಡ. ಎರಡು ಮುದ್ದೆಯಷ್ಟು ತಿರುವು ಸಾಕು” ಎಂದರು.

ಮೂರನೆಯ ದಿನ ಸಂಜೆ ತಿರುವಿದೆ. ಪಾತ್ರೆಯನ್ನು ಮಗಳು ಇಕ್ಕಳದಲ್ಲಿ ಹಿಡಿದಳು. ಅತ್ತೆ ಬಾಗಿಲಿಗೆ ಒರಗಿ, ಬಲಕ್ಕೆ ತಿರುವು, ತಳ ಬಿಡಿಸು, ಎಂದು ಹೇಳುತ್ತಲೇ ಇದ್ದರು. ಮಧ್ಯದಲ್ಲಿ ಎರಡು ಸಲ ಕೋಲು ಬಿಟ್ಟು ನಿಂತೆ. ಹಿಟ್ಟು ಅಲ್ಲಲ್ಲಿ ಒಡೆಯದೆ ಉಳಿದಿತ್ತು. ಎರಡು ಮುದ್ದೆಯಾಯಿತು, ಅರ್ಧರ್ಧ ನಾಲ್ವರಿಗೂ. ಹುರಳೀಕಾಯಿಯ ಬಸ್ಸಾರು, ಅದರದೇ ಪಲ್ಯ, ಉಳಿದದ್ದಕ್ಕೆ ಅನ್ನ ಮಜ್ಜಿಗೆ. ಅತ್ತೆ ಒಣಹಿಟ್ಟಿನ ಒಂದು ಉಂಡೆಯನ್ನು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟು, ಮಿಕ್ಕದ್ದನ್ನು ಪೂರ್ತಿ ಉಂಡರು. ಇವರು ಇನ್ನೊಂದು ಅರ್ಧ ಇದೆಯೇ ಎಂದು ಪಾತ್ರೆ ಬಗ್ಗಿಸಿ ನೋಡಿದರು.

ಪಾತ್ರೆ ಮಗಳು ತೊಳೆದಳು. ನಾನು ಪುಸ್ತಕ ತೆಗೆದು ಹೊಸ ಕಾಲಮ್ಮಿನಲ್ಲಿ ‘ಮುದ್ದೆ, ಎರಡು’ ಎಂದು ಬರೆಯುವಷ್ಟರಲ್ಲಿ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿ ಆಗಿತ್ತು. ಮುದ್ದೆ ಉಂಡ ಹೊಟ್ಟೆ, ಎಲ್ಲರಿಗಿಂತ ಮೊದಲು ಅವರಿಗೇ ನಿದ್ದೆ ಹತ್ತಿತ್ತು.